ಸಿಪ್ಪೆ ಎಮ್ಮೆಗೆ, ಕಾಳು ಫ್ರಿಜ್ಜಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದು ಚೀಲ ಹಸಿ ತೊಗರಿಕಾಯಿಯನ್ನು ಕೂತು ಪೂರ್ತಿ ಸುಲಿದು, ಸಿಪ್ಪೆಯನ್ನು ಎಮ್ಮೆಗೆ ಹಾಕಿ, ಕಾಳನ್ನು ಫ್ರಿಜ್ಜಿನಲ್ಲಿಟ್ಟವನು ನಾನು.

ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ನಗಲು ಶುರು ಮಾಡುತ್ತಾರೆ. ಬೇರೆ ಕಡೆಯವರಿಗೆ ಬಿಡಿಸಿ ಹೇಳಬೇಕು. ಕಾಯಿ ಹಸಿರಿದ್ದಾಗ ನಾವು ಅದನ್ನು ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಕುದಿಸುತ್ತೇವೆ. ಬಿಸಿ ಕಾಯಿಯನ್ನು ಹಲ್ಲಿನ ನಡುವೆ ಹಿಡಿದು ಎಳೆದರೆ ಮೊದಲು ಸಿಪ್ಪೆಗೆ ಅಂಟಿದ ಉಪ್ಪು ಸಿಗುತ್ತದೆ, ಆಮೇಲೆ ಒಂದೊಂದೇ ಕಾಳು ಬಾಯಿಗೆ ಬೀಳುತ್ತದೆ. ಖಾಲಿ ಸಿಪ್ಪೆಗಳು ಕಾಲ ಬಳಿ ಗುಡ್ಡೆಯಾಗುತ್ತವೆ. ಯಾರ ಗುಡ್ಡೆ ದೊಡ್ಡದೋ ಅವರು ಗೆದ್ದಂತೆ. ಚಿಕ್ಕಂದಿನಲ್ಲಿ ಪ್ರತಿ ಸಲವೂ ಅಕ್ಕನೇ ಗೆಲ್ಲುತ್ತಿದ್ದಳು. ನಾನು ಅವಳ ಗುಡ್ಡೆಯಿಂದ ಸಿಪ್ಪೆ ಕದ್ದು ನನ್ನ ಗುಡ್ಡೆಗೆ ಹಾಕಿಕೊಂಡೂ ಸೋಲುತ್ತಿದ್ದೆ.

ಇಷ್ಟೆಲ್ಲ ಗೊತ್ತಿದ್ದವನೇ ಸುಲಿದದ್ದು. ಯಾಕೆ ಅಂತ ಕೇಳಿದರೆ, ಜಾಗ ಉಳಿಯುತ್ತದೆ ಅಂತ.

ಆಗ ನಾನು ಫ್ರಿಜ್ಜಿನ ಹೊಸ ಭಕ್ತ. ಕಡಗಂಚಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಸಂಜೆ ಏಳಕ್ಕೆ ರೂಮಿಗೆ ಬಂದರೆ ಚಪ್ಪಲಿ ಬಿಡಲೂ ಮನಸ್ಸಾಗುವುದಿಲ್ಲ. ಆಳಂದದ ಸಂತೆಯಲ್ಲಿ ಪುಂಡಿಪಲ್ಯದ ಕಟ್ಟು ಅಗ್ಗ, ನಿಜ. ಆದರೆ ಅದರ ಎಲೆ ಬಿಡಿಸಬೇಕು, ಮೂರು ಸಲ ತೊಳೆಯಬೇಕು, ಆಮೇಲೂ ಒಂದು ತುತ್ತಿನಲ್ಲಿ ಮಣ್ಣು ಕರಕರ ಅನ್ನುತ್ತದೆ. ವಾರಕ್ಕಾಗುವಷ್ಟು ತಂದ ಕೊತ್ತಂಬರಿ ಮೂರನೇ ದಿನಕ್ಕೆ ಚೀಲದಲ್ಲೇ ಕಪ್ಪು ಕಷಾಯವಾಗುತ್ತಿತ್ತು. ಬದನೆಕಾಯಿಗಳು ನನ್ನ ಹಾಗೆಯೇ ಮೂಲೆಯಲ್ಲಿ ಸುಸ್ತಾಗಿ ಮಲಗಿ, ಸುಕ್ಕುಗಟ್ಟಿ, ಕೊನೆಗೆ ಬೀದಿ ಹಸುವಿಗೆ ಸೇರುತ್ತಿದ್ದವು. ತಾಜಾ ತರಕಾರಿ ಅಗ್ಗ ಅನ್ನುವವರು ಹಸು ತಿಂದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ಹಳೆಯದೊಂದು ಫ್ರಿಜ್ ಕೊಂಡೆ. ಅದರ ಫ್ರೀಜರಿನ ಬಾಗಿಲು ಮುಚ್ಚುತ್ತಿರಲಿಲ್ಲ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದಿದ್ದೆ. ಮೇಲೆ ಹಿಮಾಲಯ, ಕೆಳಗೆ ಕಲಬುರಗಿ. ಮೇಲಿಟ್ಟದ್ದು ಕಲ್ಲಾಗುತ್ತಿತ್ತು, ಕೆಳಗಿಟ್ಟ ಹಾಲು ಒಡೆಯುತ್ತಿತ್ತು. ಕಲಬುರಗಿಯ ದೊಡ್ಡ ಅಂಗಡಿಯಿಂದ ಐಸ್ ಹಿಡಿದ, ನಮ್ಮ ಮಾತಿನಲ್ಲಿ ಬರಫ್ ಹಿಡಿದ, ಬಟಾಣಿ ಪಾಕೀಟು ತಂದೆ. ಸುಲಿಯುವುದಿಲ್ಲ, ತೊಳೆಯುವುದಿಲ್ಲ, ಒಂದು ಹಿಡಿ ತೆಗೆದು ಅನ್ನದ ಕುಕ್ಕರಿಗೆ ಹಾಕಿದರೆ ಮುಗಿಯಿತು. ಬೆಲೆ ಸಂತೆಯದಕ್ಕಿಂತ ಹೆಚ್ಚು, ಆದರೆ ಒಂದು ಕಾಳೂ ಹಸುವಿಗೆ ಹೋಗಲಿಲ್ಲ. ಈ ಗೆಲುವಿನ ಮದದಲ್ಲಿ ಎಲ್ಲ ತರಕಾರಿ ಬೆರೆಸಿದ ಪಾಕೀಟು ತಂದೆ. ಅದರೊಳಗಿನ ಬೀನ್ಸು ಹವಾಯಿ ಚಪ್ಪಲಿಯ ಪಟ್ಟಿಯಂತಿತ್ತು. ಆಮೇಲೆ ಮಾವಿನಹಣ್ಣಿನ ಹೋಳುಗಳ ಪಾಕೀಟು. ಅದನ್ನು ಕೊಂಡು ಹೊರಗೆ ಬಂದಾಗ ಅಂಗಡಿಯ ಎದುರೇ ತಳ್ಳುಗಾಡಿಯಲ್ಲಿ ಮಾವಿನಹಣ್ಣು ರಾಶಿ ಬಿದ್ದಿತ್ತು. ನಾನು ಮಾವಿನ ಸೀಜನ್ನಿನಲ್ಲೇ ಮಾವಿನ ಬರಫ್ ಕೊಂಡಿದ್ದೆ. ಗಾಡಿಯವನ ಕಣ್ಣಿಗೆ ಬೀಳದಂತೆ ಪಾಕೀಟನ್ನು ಅಂಗಿಯೊಳಗೆ ಇಟ್ಟುಕೊಂಡು ನಡೆದೆ. ಹೊಟ್ಟೆ ಬಸ್‌ಸ್ಟ್ಯಾಂಡಿನವರೆಗೂ ಸೆಟೆದುಕೊಂಡಿತ್ತು.

ತೊಗರಿಯ ಕಥೆ ನಡೆದದ್ದು ಡಿಸೆಂಬರಿನಲ್ಲಿ, ಜೇವರ್ಗಿ ತಾಲೂಕಿನ ನಮ್ಮೂರು ನೆಲೋಗಿಯಲ್ಲಿ. ಅಲ್ಲಿ ಅವ್ವ ಇರುತ್ತಾಳೆ, ಅವಳದೊಂದು ಎಮ್ಮೆ ಇರುತ್ತದೆ, ಒಂದು ತುಂಡು ಹೊಲ ಇದೆ. ಒಂದು ಭಾನುವಾರ ಹೋಗಿ ಚೀಲ ತುಂಬ ಹಸಿ ಕಾಯಿ ಹರಿದುಕೊಂಡು ಬಂದೆ. ಪಡಸಾಲೆಯಲ್ಲಿ ಕೂತು ಸುಲಿಯತೊಡಗಿದಾಗ ಅವ್ವ ಒಳಗಿನಿಂದ ಬಂದು ನೋಡಿದಳು.

“ಏನ್ ಮಾಡಾಕತ್ತೀಯೋ?”

“ಸುಲಿಯಾಕತ್ತೇನಿ. ಫ್ರಿಜ್‌ನಾಗ ಇಡ್ತೇನಿ. ಬ್ಯಾಸಿಗ್ಯಾಗೂ ಹಸಿ ತೊಗರಿ ತಿನ್ನೂಣು.”

“ಕುದಿಸಿ ತಿನ್ನೋ ಕಾಯಿ ಯಾರರೆ ಸುಲದು ಇಡ್ತಾರೇನಲೇ?”

“ನಿನಗ ಗೊತ್ತಾಗಂಗಿಲ್ಲ ಬಿಡಬೇ, ಇದು ಸೈನ್ಸ್.”

ಸೈನ್ಸ್ ಎಂದು ಹೇಳಿದವನು ಮೊಬೈಲಿನಲ್ಲಿ ಒಂದು ವಿಡಿಯೊವನ್ನು ಅರ್ಧ ನೋಡಿದ್ದ. ಕಾಳನ್ನು ಉಪ್ಪುನೀರಿನಲ್ಲಿ ಎರಡು ಕುದಿ ಕುದಿಸಿ, ತಣ್ಣೀರಿಗೆ ಹಾಕಿ, ಪಾಕೀಟು ಕಟ್ಟಬೇಕು ಎಂದು ಅಲ್ಲಿದ್ದ ಹೆಣ್ಣುಮಗಳು ಹೇಳಿದ್ದಳು. ತಣ್ಣೀರಿಗೆ ಹಾಕಿದ ಮೇಲೆ ಬಟ್ಟೆಯ ಮೇಲೆ ಹರಡಿ ಒಣಗಿಸಬೇಕು ಅನ್ನುವುದು ವಿಡಿಯೊದ ಉಳಿದರ್ಧದಲ್ಲಿ ಇತ್ತಂತೆ. ನಾನು ಕಾಳನ್ನು ಆ ತಣ್ಣೀರಿನ ಸಮೇತ ಹಾಗೆಯೇ ಡಬ್ಬಿಗೆ ಸುರಿದು, ಕಡಗಂಚಿಗೆ ತಂದು, ಟ್ಯೂಬು ಬಿಗಿದು, ಕೈ ತೊಳೆದುಕೊಂಡೆ. ವಾರದ ನಂತರ ನೋಡಿದರೆ ಕಾಳುಗಳಿರಲಿಲ್ಲ. ಒಂದು ಇಟ್ಟಂಗಿ ಇತ್ತು, ಅದರೊಳಗೆ ಕಾಳುಗಳು ಗಾಜಿನಲ್ಲಿ ಸಿಕ್ಕ ಹುಳಗಳಂತೆ ಕಾಣುತ್ತಿದ್ದವು. ಬಡಿದರೂ ಒಡೆಯಲಿಲ್ಲ. ತಿನ್ನುವುದನ್ನು ಮುಂದಕ್ಕೆ ಹಾಕಿದೆ. ಐದು ತಿಂಗಳು ಮುಂದಕ್ಕೆ ಹಾಕಿದೆ. ಆದರೆ ಊರೆಲ್ಲ ಹೇಳಿಕೊಂಡು ತಿರುಗುವುದನ್ನು ಮಾತ್ರ ಮುಂದಕ್ಕೆ ಹಾಕಲಿಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಫಜಲಪುರದಿಂದ ಅಕ್ಕನ ಫೋನು ಬಂತು. ಅಲ್ಲಿ ಅವಳ ಗಂಡನ ಮನೆ. ಆಗ ಅವಳು ಐದು ತಿಂಗಳ ಬಸುರಿ. ಧ್ವನಿ ಬಾವಿಯೊಳಗಿನಿಂದ ಬಂದಂತಿತ್ತು.

“ಲೇ ತಮ್ಮಾ, ಫ್ರಿಜ್‌ನಾಗ ತೊಗರಿ ಇಟ್ಟೇನಿ ಅಂತ ಕುಣೀತಿದ್ದೆಲ್ಲ, ಇನ್ನಾ ಅದಾವೇನು?”

“ಅದಾವ. ಯಾಕಬೇ?”

“ತಿನಬೇಕು ಅನಸಾಕತ್ತದ. ಫ್ರಿಜ್‌ನಾಗಿಂದು ಹಂಗೇ ತಗೊಂಬಾ. ದಾರ್‍ಯಾಗ ಕರಗಸಬ್ಯಾಡ.”

ಅರ್ಧ ತಾಸಿನಲ್ಲಿ ಅವ್ವನ ಫೋನು.

“ನಾಕ್ ದಿನಾತು, ಆಕಿ ಹೊಟ್ಟ್ಯಾಗ ಒಂದು ತುತ್ತು ನಿಂತಿಲ್ಲ. ಎದ್ದರ ಕಣ್ಣಿಗಿ ಕತ್ತಲಿ ಬರ್ತದಂತ. ಹ್ವಾದ ವರ್ಷ ಆದಂಗ ಆಗಬಾರದು ನೋಡಪ.” ಎಂದಳು. ಹೋದ ವರ್ಷ ಅಕ್ಕನಿಗೆ ನಾಲ್ಕನೇ ತಿಂಗಳಲ್ಲೇ ಬಸುರು ಇಳಿದುಹೋಗಿತ್ತು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಆಡುವುದಿಲ್ಲ. “ಬಾಯಿ ಬಿಟ್ಟು ಬಯಕಿ ಕೇಳ್ಯಾಳ. ತವರಮನಿಯವ್ರು ಒಯ್ದು ಕೊಡಬೇಕು. ನನಗ ಬರಾಕಾಗಂಗಿಲ್ಲ, ಎಮ್ಮಿ ಇವತ್ತೋ ನಾಳಿಗೋ ಈಯ್ತದ. ನೀ ಹೋಗು.”

ನನ್ನ ಸಿಪ್ಪೆ ತಿಂದ ಎಮ್ಮೆಗೆ ಬಾಣಂತನ, ನನಗೆ ಬಸ್ಸು.

ಮರುದಿನ ಬೆಳಿಗ್ಗೆ ರಜೆ ಹಾಕಿ ಡಬ್ಬಿ ತೆಗೆಯಲು ಹೋದರೆ ಫ್ರೀಜರು ಅದನ್ನು ಬಿಟ್ಟುಕೊಡಲಿಲ್ಲ. ಗೋಡೆಯ ಬರಫಿಗೂ ಡಬ್ಬಿಗೂ ಸಂಬಂಧ ಕುದುರಿತ್ತು. ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಎರಡು ಬೆರಳು ಕೆತ್ತಿಕೊಂಡು, ಕೊನೆಗೆ ಕಾಲು ಗೋಡೆಗೆ ಕೊಟ್ಟು ಎಳೆದಾಗ ಡಬ್ಬಿಯೂ ನಾನೂ ಒಟ್ಟಿಗೆ ನೆಲಕ್ಕೆ ಬಂದೆವು. ಹಸಿ ಟವೆಲ್ಲಿನಲ್ಲಿ ಸುತ್ತಿ, ನೈಲಾನ್ ಚೀಲದಲ್ಲಿ ಇಟ್ಟುಕೊಂಡು ಹೊರಟೆ. ಕಲಬುರಗಿಗೆ ಒಂದು ಬಸ್ಸು, ಅಲ್ಲಿಂದ ಅಫಜಲಪುರಕ್ಕೆ ಇನ್ನೊಂದು. ಬೆಳಿಗ್ಗೆ ಹತ್ತಕ್ಕೇ ಸೀಟಿನ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಕಿಟಕಿಯಿಂದ ಬರುವ ಗಾಳಿಗಿಂತ ಕಿಟಕಿ ಮುಚ್ಚುವುದೇ ವಾಸಿ ಎಂದು ಎಲ್ಲರೂ ಮುಚ್ಚಿ, ಆಮೇಲೆ ಉಸಿರು ಕಟ್ಟಿ ಎಲ್ಲರೂ ತೆರೆದರು. ಎಲ್ಲರ ಮುಖವೂ ಬಾಡಿದ ಸೊಪ್ಪಿನಂತಿತ್ತು. ಇಡೀ ಬಸ್ಸಿನಲ್ಲಿ ತಣ್ಣಗಿದ್ದದ್ದು ನನ್ನ ತೊಡೆಯೊಂದೇ. ಅದೂ ಎಷ್ಟು ತಣ್ಣಗೆ ಅಂದರೆ, ಇದೆಯೋ ಇಲ್ಲವೋ ಅಂತ ಆಗಾಗ ಚಿವುಟಿ ನೋಡಿಕೊಳ್ಳುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಣ್ಣುಮಗಳ ಪಾದದ ಮೇಲೆ ನೀರು ತೊಟ್ಟಿಕ್ಕತೊಡಗಿತು. ಆಕೆ ಬುರ್ಖಾದ ಅಂಚು ಎತ್ತಿಕೊಂಡು ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಕ್ಯಾ ಹೈ ಬೇಟಾ? ಮಛಲೀ ಹೈ ಕ್ಯಾ?”

“ಮೀನಲ್ಲರೀ ಅಮ್ಮಾ, ತೊಗರಿಕಾಯಿ.”

ಟಿಕೆಟಿಗೆಂದು ಬಂದಿದ್ದ ಕಂಡಕ್ಟರ್ ಅಲ್ಲೇ ನಿಂತ. “ಮೇ ತಿಂಗಳದಾಗ ತೊಗರಿಕಾಯಿ? ಸುಳ್ಳು ಹೇಳಿದ್ರೂ ಸೀಜನ್ ನೋಡಿ ಹೇಳ್ರಿ. ತಗೀರಿ ನೋಡೂಣು. ನಾತ ಬಂತಂದ್ರ ಇಳಿಸಿಬಿಡ್ತೇನಿ.”

ತೆಗೆದೆ. ಮುಂದಿನ ಸೀಟಿನವರು ತಿರುಗಿದರು, ಹಿಂದಿನವರು ಎದ್ದು ನಿಂತರು. ಡಬ್ಬಿಯ ಮುಚ್ಚಳ ತೆರೆದಾಗ ಹೊಗೆಯಂಥದ್ದು ಎದ್ದಿತು. ಆಕೆ ಬಗ್ಗಿ ನೋಡಿದಳು. ಉಳಿದ ಮಾತೆಲ್ಲ ಕನ್ನಡದಲ್ಲೇ ಬಂತು.

“ಕಾಳು ಅದಾವ ಖರೆ. ಸಿಪ್ಪಿ ಎಲ್ಲಿ?”

“ಎಮ್ಮಿ ತಿಂತ್ರಿ.”

“ಯಾರು ಹಾಕಿದ್ರು?”

“ನಾನೇರಿ.”

ಬಸ್ಸು ನಕ್ಕಿತು. ಕಂಡಕ್ಟರ್ ಟಿಕೆಟು ಹರಿದು ಕೊಡುತ್ತ, “ನಿಮ್ಮ ಮನ್ಯಾಗ ಎಮ್ಮಿಯೊಂದೇ ಶಾಣ್ಯಾ ಅದ ಬಿಡ್ರಿ” ಅಂದ. ಯಾರಿಗೆ ಒಯ್ಯುತ್ತಿದ್ದೇನೆ ಎಂದು ಹೇಳಿದ ಮೇಲೆ ಆಕೆ ನಗಲಿಲ್ಲ. ತನ್ನ ಕೈಚೀಲದಲ್ಲಿದ್ದ ಹಳೆಯ ಪತ್ರಿಕೆಯನ್ನು ತೆಗೆದು ಡಬ್ಬಿಗೆ ಎರಡು ಸುತ್ತು ಸುತ್ತಿಕೊಟ್ಟಳು. ಚೌಡಾಪುರದಲ್ಲಿ ಇಳಿಯುವಾಗ, “ಲಗೂನ ಮುಟ್ಟಸು ಬೇಟಾ, ಬಸುರಿ ಹೆಣ್ಮಗಳು ದಾರಿ ನೋಡ್ತಿರ್ತಾಳ” ಎಂದಳು. ಲಗೂನ ಮುಟ್ಟಿಸುವುದು ನನ್ನ ಕೈಯಲ್ಲಿರಲಿಲ್ಲ. ಡ್ರೈವರ್ ಅಲ್ಲಿ ಚಹಾ ಕುಡಿಯಲು ಇಳಿದು ಒಂದಲ್ಲ, ಎರಡು ಕಪ್ಪು ಕುಡಿದ.

ಅಫಜಲಪುರದ ಮನೆಯ ಬಾಗಿಲಲ್ಲಿ ಅಕ್ಕನ ಅತ್ತೆ ನಿಂತಿದ್ದರು. “ಬರ್ರಿ ಬೀಗರ, ಬರ್ರಿ” ಎಂದು ತಂಬಿಗೆ ನೀರು ಕೊಟ್ಟರು. ಭಾವ ಕೆಲಸಕ್ಕೆ ಹೋಗಿದ್ದ. ಅಕ್ಕ ಒಳಗೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಫೋನಿನಲ್ಲಿ ಕೇಳಿದ ಧ್ವನಿಗಿಂತ ಅವಳೇ ತೆಳ್ಳಗಾಗಿದ್ದಳು. ತುಟಿಗೆ ಬಣ್ಣವಿರಲಿಲ್ಲ. ನಾನು ಏನಾದರೂ ಜೋಕು ಹೊಡೆಯಬೇಕೆಂದು ಬಾಯಿ ತೆರೆದೆ, ಒಂದೂ ನೆನಪಾಗಲಿಲ್ಲ.

ಡಬ್ಬಿ ತೆರೆದು ಮುಂದಿಟ್ಟೆ. ಅವಳು ನೋಡಿದಳು.

“ಸಿಪ್ಪಿ?”

“ಎಮ್ಮಿ...” ಎಂದೆ.

ಅವಳು ನಕ್ಕಳು. ನಗುವುದಕ್ಕೂ ಅವಳಿಗೆ ದಣಿವಾಗುತ್ತಿತ್ತು, ಮಧ್ಯದಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಂಡಳು. “ನೀ ಹುಟ್ಟಿದಾಗಿಂದ ಹಿಂಗೇ ಅದೀ.”

ಅತ್ತೆ ಇಟ್ಟಂಗಿಯನ್ನು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆ ಎಳೆದರು. “ಎವ್ವಾ, ಏನ್ ಥಂಡಿ ಇದು! ಬಸುರಿಗಿ ಥಂಡಿ ಆಗಂಗಿಲ್ಲ. ಕೂಸಿಗಿ ನೆಗಡಿ ಆಗ್ತದ. ತಾ ಇಲ್ಲಿ, ಕುದಿಸಿ ಕೊಡ್ತೇನಿ.”

“ಸ್ವಲ್ಪ ಕರಗ್ಲಿ ತಡೀರಿ ಅತ್ತಿ” ಎಂದಳು ಅಕ್ಕ, ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ. “ಅಲ್ಲೀತನಕ ನೀವು ನೀರರೆ ಕಾಯಾಕ ಇಡ್ರಿ.”

ತವರಿನಿಂದ ಬಂದ ಬಯಕೆಯ ಡಬ್ಬಿಯನ್ನು ಬಸುರಿಯ ಕೈಯಿಂದ ಕಿತ್ತುಕೊಳ್ಳುವುದು ಎಂಥ ಅತ್ತೆಗೂ ಸಾಧ್ಯವಿಲ್ಲ. ಅವರು ಅಡುಗೆಮನೆಗೆ ಹೋದರು. ಅಕ್ಕ ಮೂಲೆಯಲ್ಲಿದ್ದ ಗುಂಡುಕಲ್ಲು ತೆಗೆದುಕೊಂಡು ಇಟ್ಟಂಗಿಯ ಮೂಲೆಗೆ ಒಂದು ಪೆಟ್ಟು ಕೊಟ್ಟಳು. ನನ್ನಿಂದ ಐದು ತಿಂಗಳು ಒಡೆಯಲಾಗದ್ದು ಒಂದೇ ಪೆಟ್ಟಿಗೆ ಒಡೆಯಿತು. ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಕಟಂ ಎಂದು ಸದ್ದು ಬಂತು. ಇನ್ನೊಂದು ಚೂರು. ಮತ್ತೊಂದು.

ನಾನು ಅವಳ ಪಕ್ಕದಲ್ಲಿ ವಾಂತಿಗೆಂದು ಇಟ್ಟಿದ್ದ ಬಕೆಟ್ಟಿನ ಕಡೆಗೆ ನೋಡುತ್ತಿದ್ದೆ. ಅವಳು ಬಕೆಟ್ಟಿನ ಕಡೆಗೆ ತಿರುಗಲಿಲ್ಲ. ವಾಂತಿ ಆಗಲಿಲ್ಲ.

ಅಷ್ಟು ಸಾಕಾಯಿತು ನನಗೆ. ಅಂಗಳಕ್ಕೆ ಬಂದು ಬೇವಿನ ಮರದ ಕೆಳಗೆ ನಿಂತು ಅವ್ವನಿಗೆ ಫೋನು ಹಚ್ಚಿದೆ. “ತಿನ್ನಾಕತ್ತಾಳಬೇ! ಹೊಟ್ಟ್ಯಾಗ ನಿಂತದ! ನೀ ನಗತಿದ್ದೆಲ್ಲ, ಈಗ ಹೇಳು. ಇಡೀ ಜೇವರ್ಗಿ ತಾಲೂಕಿನಾಗ ಈಗ ಯಾರ ಮನ್ಯಾಗರೆ ಹಸಿ ತೊಗರಿ ಅದ ಏನು? ತಾಜಾ ತಾಜಾ ಅಂತೀರಿ, ಬೇಕಾದಾಗ ಸಿಗಲಾರದ ತಾಜಾ ತಗೊಂಡು ಏನ್ ಮಾಡಾದದ?” ಅವ್ವ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಎಮ್ಮೆ ಕೂಗುವುದು ಮಾತ್ರ ಕೇಳಿಸಿತು. ನಾನು ಭಾಷಣ ಮುಂದುವರಿಸಿದೆ. ಮುಂದಿನ ವರ್ಷ ಹತ್ತು ಡಬ್ಬಿ ಇಡುತ್ತೇನೆ, ಹಸಿ ಕಡಲೆಯನ್ನೂ ಇಡುತ್ತೇನೆ, ಊರ ಬಸುರಿಯರೆಲ್ಲ ಸಾಲಿನಲ್ಲಿ ನಿಲ್ಲುತ್ತಾರೆ. ಸೈಕಲ್ ಟ್ಯೂಬಿನ ಜಾಗದಲ್ಲಿ ಹೊಸ ಬಾಗಿಲನ್ನೂ ಹಾಕಿಸಿದೆ, ಮಾತಿನಲ್ಲಿ.

ಭಾಷಣ ಮುಗಿಯುವ ಹೊತ್ತಿಗೆ ಆಶಾ ಕಾರ್ಯಕರ್ತೆ ಬಂದರು. ತಿಂಗಳಿಗೊಮ್ಮೆ ಬಸುರಿಯರ ಮನೆಗೆ ಬರುವ ಅವರು ಆ ಬಿಸಿಲಿನಲ್ಲಿ ಎಷ್ಟು ಮನೆ ಸುತ್ತಿದ್ದರೋ, ಬೆವರಿನಿಂದ ಸೀರೆಯ ಬೆನ್ನು ತೊಯ್ದಿತ್ತು. ಕೊಡೆ ಮಡಚಿ ಒಳಗೆ ಕಾಲಿಟ್ಟವರು ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟರು.

“ಏನ್ ತಿನ್ನಾಕತ್ತೀಯವ್ವಾ?”

“ತೊಗರಿರೀ. ತಮ್ಮ ತಂದಾನ.”

“ತೊಗರಿ ತಿಂದ್ರ ಕಟಂ ಕಟಂ ಅಂತದೇನು?”

ಅವರ ಹಿಂದೆಯೇ ಬಂದಿದ್ದ ನಾನು ಆಗ ನೋಡಿದೆ. ಅಕ್ಕನ ಪಕ್ಕದ ತಾಟಿನಲ್ಲಿ ಹಸಿರು ಕಾಳುಗಳು ಅಚ್ಚುಕಟ್ಟಾಗಿ ಗುಡ್ಡೆ ಬಿದ್ದಿದ್ದವು. ಒಂದೊಂದನ್ನೂ ಬರಫಿನಿಂದ ಬಿಡಿಸಿ ಪಕ್ಕಕ್ಕೆ ಇಟ್ಟಿದ್ದಳು. ಒಂದು ಕಾಳನ್ನೂ ತಿಂದಿರಲಿಲ್ಲ. ಅವಳು ತಿಂದದ್ದು ಬರಫ್ ಮಾತ್ರ. ನಾನು ವಿಡಿಯೊ ಪೂರ್ತಿ ನೋಡಿ, ಕಾಳು ಒಣಗಿಸಿ ಇಟ್ಟಿದ್ದರೆ ಅವಳಿಗೆ ತಿನ್ನಲು ಏನೂ ಇರುತ್ತಿರಲಿಲ್ಲ.

ಆಶಾ ಅವಳ ಎದುರು ಕೂತರು. “ಎಷ್ಟು ದಿನಾತು ಹಿಂಗ ಬರಫ್ ಬೇಕು ಅನಸಾಕತ್ತು?”

ಅಕ್ಕ ಅಡುಗೆಮನೆಯ ಬಾಗಿಲ ಕಡೆಗೆ ನೋಡಿದಳು. ಅತ್ತೆ ಅಲ್ಲಿ ಸೌಟು ಹಿಡಿದು ನಿಂತಿದ್ದರು. ಅಕ್ಕ ತಲೆ ತಗ್ಗಿಸಿ, “ಎರಡ್ ತಿಂಗಳಾತ್ರಿ” ಎಂದಳು.

ಆಶಾ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು, ಉಗುರು ನೋಡಿದರು. “ನಾ ಕೊಟ್ಟ ರಕ್ತದ ಗುಳಿಗಿ ನುಂಗಾಕತ್ತೀಯಿಲ್ಲೋ?”

ಅತ್ತೆಯೇ ಒಳಗೆ ಹೋಗಿ ಜೋಳದ ಡಬ್ಬಿಯಲ್ಲಿ ಕೈ ಹಾಕಿದರು. ಹೊರಬಂದ ಗುಳಿಗೆಯ ಪಟ್ಟಿಯಲ್ಲಿ ಒಂದೇ ಒಂದು ಕಮ್ಮಿ ಇತ್ತು. “ಇಲ್ಲಿ ಅದಾವ ನೋಡ್ರಿ. ಜೋಳ ಅಳಿವಾಗ ಕೈಗಿ ಸಿಕ್ಕಿದ್ವು. ನುಂಗಿ ಉಳದವು ಇರಬೇಕು ಅನ್ಕೊಂಡಿದ್ದೆ” ಎಂದರು.

“ನುಂಗಿದ್ರ ವಾಂತಿ ಬರ್ತದ್ರಿ” ಎಂದಳು ಅಕ್ಕ. ಕಣ್ಣಲ್ಲಿ ನೀರು ಬಂದಿತ್ತು.

“ಬರ್ತದವ್ವಾ, ನನಗೂ ಬರ್ತಿತ್ತು. ಅದಕ್ಕ ನನಗ ಹೇಳಬೇಕು, ಜ್ವಾಳಕ್ಕ ಹೇಳೋದಲ್ಲ.” ಆಶಾ ನನ್ನ ಕಡೆ ತಿರುಗಿದರು. “ರಕ್ತ ಕಡಿಮಿ ಆದವ್ರಿಗಿ ಒಮ್ಮೊಮ್ಮೆ ಹಿಂಗ ಬರಫಿನ ಹುಚ್ಚು ಹಿಡೀತದ. ನಾಳಿ ಮುಂಜಾನಿ ದವಾಖಾನಿಗಿ ಕರಕೊಂಡು ನಡೀರಿ. ತಡಾ ಮಾಡಬ್ಯಾಡ್ರಿ.”

ಮರುದಿನ ದವಾಖಾನೆಯಲ್ಲಿ ರಕ್ತ ನೋಡಿದರು. ಬಹಳ ಇಳಿದಿತ್ತು. ಡಾಕ್ಟರಮ್ಮ ಅಕ್ಕನನ್ನೂ ಅತ್ತೆಯನ್ನೂ ಬೈದು, ಯಾರೆಂದು ಕೇಳದೆ ನನ್ನನ್ನೂ ಬೈದರು. ಇನ್ನೂ ಒಂದು ತಿಂಗಳು ಹೀಗೇ ಬಿಟ್ಟಿದ್ದರೆ ಇಬ್ಬರಿಗೂ ಕಷ್ಟವಿತ್ತು ಅಂದರು. ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬೇಡ ಎಂದು ಸಲೈನಿನಲ್ಲಿ ಕಬ್ಬಿಣದ ಇಂಜೆಕ್ಷನ್ ಕೊಡಲು ಶುರು ಮಾಡಿದರು. ಕಂದು ಬಣ್ಣದ ಹನಿಗಳು ಒಂದೊಂದೇ ಇಳಿಯುವುದನ್ನು ತೆರೆದ ಬಾಗಿಲಿನಿಂದ ನೋಡುತ್ತ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಭಾವ ನನ್ನ ಪಕ್ಕದಲ್ಲಿ ಕೂತ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ.

ತಾಟಿನಲ್ಲಿದ್ದ ತೊಗರಿಯನ್ನು ಅತ್ತೆ ಹಿಂದಿನ ರಾತ್ರಿಯೇ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದ್ದರು. ಜೋಳದ ರೊಟ್ಟಿಯ ಜೊತೆ ನಾನೇ ತಿಂದೆ. ನನ್ನ ತೊಗರಿಯ ಬಗ್ಗೆ ನಾನೇ ಹೇಳಬೇಕಾದ ಸತ್ಯವೆಂದರೆ, ಅದರಲ್ಲಿ ಮೊದಲ ತುತ್ತಿಗೆ ಡಿಸೆಂಬರು ಸ್ವಲ್ಪ ಇತ್ತು. ಎರಡನೇ ತುತ್ತಿನಿಂದ ಬರೀ ಫ್ರಿಜ್ಜಿನ ವಾಸನೆ. ಬಟಾಣಿಗೆ ಆಗುವುದು ತೊಗರಿಗೆ ಆಗುವುದಿಲ್ಲವೋ, ದೊಡ್ಡ ಕಂಪನಿಗೆ ಆಗುವುದು ನನ್ನ ಸೈಕಲ್ ಟ್ಯೂಬಿಗೆ ಆಗುವುದಿಲ್ಲವೋ ಗೊತ್ತಿಲ್ಲ. ಈಗಲೂ ಬಟಾಣಿ ಪಾಕೀಟು ತರುತ್ತೇನೆ. ಏಳಕ್ಕೆ ಮನೆಗೆ ಬರುವವನಿಗೆ ಬೇರೆ ದಾರಿಯಿಲ್ಲ. ಸೊಪ್ಪನ್ನು ಮಾತ್ರ ಸಂತೆಯ ದಿನ ಒಂದೇ ಕಟ್ಟು ತಂದು, ಅಂದೇ ತಿಂದು ಮುಗಿಸುತ್ತೇನೆ. ಹಸು ನನ್ನ ಬಾಗಿಲಿಗೆ ಬರುವುದನ್ನು ಬಿಟ್ಟಿದೆ.

ಜೂನ್ ಮುಗಿಯುವ ಹೊತ್ತಿಗೆ ಅಕ್ಕ ಫೋನು ಮಾಡಿದಳು. ಧ್ವನಿ ಬಾವಿಯಿಂದ ಮೇಲೆ ಬಂದಿತ್ತು. ರಕ್ತ ಏರಿದೆ, ಕೂಸು ಒದೆಯುತ್ತಿದೆ, ಬರಫ್ ನೆನಪೂ ಆಗುವುದಿಲ್ಲ ಎಂದಳು. ಇದೇ ಸಮಯ ಎಂದುಕೊಂಡು ಕೇಳಿದೆ: “ಖರೆ ಹೇಳಬೇ, ನಿನಗ ಅವತ್ತು ತೊಗರಿ ಬೇಕಿತ್ತೋ, ಬರಫ್ ಬೇಕಿತ್ತೋ?”

“ನಿನ್ನ ಐದು ತಿಂಗಳದ ತೊಗರಿ ಯಾರಿಗಿ ಬೇಕಿತ್ತಲೇ?” ಎಂದಳು. “ಅತ್ತಿ ಮುಂದ ಬರಫ್ ಕೇಳಿದ್ರ ಕೊಡ್ತಿದ್ರೇನು? ತವರಮನಿ ಬಯಕಿ ಅಂದ್ರ ಯಾರೂ ಬ್ಯಾಡ ಅನ್ನಂಗಿಲ್ಲ. ನೀ ಏನ್ ಇಟ್ರೂ ಅದರಾಗ ಅರ್ಧ ನೀರೇ ಇರ್ತದ ಅಂತ ನನಗ ಗೊತ್ತಿತ್ತು, ಅದಕ್ಕ ನಿನಗೇ ಫೋನ್ ಹಚ್ಚಿದೆ. ಈಗ ಕೇಳು. ಡಿಸೆಂಬರಿಗಿ ಬಾ, ಕಾಯಿ ಸಿಪ್ಪಿ ಸಮೇತ ತಗೊಂಬಾ. ನಾ ಕುಂತು ತಿಂತೇನಿ, ನೀ ಕೂಸಿನ್ನ ಹಿಡ್ಕೊಂಡು ನಿಂದ್ರು. ಕೂಸಿನ್ನ ಎಲ್ಲೂ ಇಟ್ಟು ಮರೀಬ್ಯಾಡ ಮತ್ತ.”